ಸವಳು ನೀರಿನ ಮೊಮೊ

ಸಂಜೆ ಏಳು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಜಂಬಣ್ಣ ದೇವದುರ್ಗದಲ್ಲಿ ತಮ್ಮ ಮಗಳ ಅಂಗಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಮೊಮೊ ಎಂಬ ಹಬೆಯ ಕಡುಬೊಂದನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಗಡಿ ಅವತ್ತೇ ಶುರುವಾಗಿತ್ತು. ಪೂಜೆಗೆ ಒಡೆದ ತೆಂಗಿನಕಾಯಿಯ ಹೋಳುಗಳು ಇನ್ನೂ ಹೊಸ್ತಿಲಲ್ಲೇ ಇದ್ದವು. ಮಗಳು ವಿಜಯಶ್ರೀ ಹಬೆಯಾಡುವ ಪಾತ್ರೆಯ ಹಿಂದೆ ನಿಂತು ತಂದೆಯ ದವಡೆಯನ್ನೇ ಗಮನಿಸುತ್ತಿದ್ದಳು. ಬಂದಿದ್ದ ಹನ್ನೆರಡು ಹದಿಮೂರು ಮಂದಿಯೂ ಅಲ್ಲಿಗೇ ಕಣ್ಣು ನೆಟ್ಟಿದ್ದರು.

ಜಂಬಣ್ಣ ತಟ್ಟೆ ಖಾಲಿ ಮಾಡಿದರು, ಸೂಪು ಕುಡಿದರು, ಕೈ ತೊಳೆದರು.

"ಯಪ್ಪಾ, ಹೆಂಗದ?"

"ಒಂದಾತು. ಇನ್ನ ಎರಡು ಅದಾವ."

ವಿಜಯಶ್ರೀ ಹಬೆಯ ಪಾತ್ರೆಯ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿದಳು. "ನೀ ನಮ್ಮಪ್ಪ ಅದಿಯೋ, ಪ್ರಾಕ್ಟಿಕಲ್ ಪರೀಕ್ಷಾದ ಸಾರ್ ಅದಿಯೋ?"

ಅವಳು ಕೇಳಿದ್ದರಲ್ಲಿ ಅರ್ಥವಿತ್ತು. ಜಂಬಣ್ಣ ರಾಯಚೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಗಾಜಿನ ನಳಿಗೆಗಳನ್ನು ತೊಳೆಯುವುದು, ದ್ರಾವಣಗಳನ್ನು ತುಂಬಿಡುವುದು, ಒಡೆದದ್ದನ್ನು ಬರೆದಿಡುವುದು ಅವರ ಕೆಲಸ. ಅಲ್ಲಿ ಮಕ್ಕಳು ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು, ಬಣ್ಣ ತಿರುಗಿದ ಕ್ಷಣದಲ್ಲಿ ನಿಲ್ಲಿಸಿ, ಅಳತೆ ಓದುತ್ತಾರೆ. ಒಂದು ಸಲದ ಅಳತೆಯನ್ನು ಯಾವ ಅಧ್ಯಾಪಕರೂ ಒಪ್ಪುವುದಿಲ್ಲ. ಮೂರು ಸಲ ಮಾಡಬೇಕು, ಮೂರೂ ಕೂಡಬೇಕು, ಅಂದರೆ ಒಂದೇ ಬರಬೇಕು. ಕೂಡದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ತಪ್ಪು ಹುಡುಕಿ, ತೊಳೆದು, ಮತ್ತೆ ಒಂದರಿಂದ ಶುರು.

ಈ ಪದ್ಧತಿಯನ್ನು ಜಂಬಣ್ಣ ಯಾವಾಗ ತಿನಿಸಿಗೂ ಹಚ್ಚಿಕೊಂಡರೋ ಅವರಿಗೇ ನೆನಪಿಲ್ಲ. ಹೊಸ ತಿನಿಸು ಎಲ್ಲಿ ಬಂದರೂ ಅವರು ಹೋಗುತ್ತಾರೆ. ರಾಯಚೂರಿಗೆ ಪಿಜ್ಜಾ ಬಂದಾಗ ಹೋಗಿದ್ದರು. ಅಣಬೆ ತಿಂದಿದ್ದಾರೆ. ಜಾಲಹಳ್ಳಿಯಲ್ಲಿ ಒಬ್ಬರ ಮನೆಯಲ್ಲಿ, ಮೊದಲ ಮಳೆಗೆ ಹೊರಬಿದ್ದ ರೆಕ್ಕೆಯ ಗೆದ್ದಲನ್ನು ಹುರಿದು ಕೊಟ್ಟಾಗ ಅದನ್ನೂ ತಿಂದು, ಮುಂದಿನ ಎರಡು ವರ್ಷ ಮೊದಲ ಮಳೆಗೆ ಕಾದು ಉಳಿದೆರಡು ಸಲ ಪೂರೈಸಿದ್ದರು. ಮೂರು ಸಲ ತಿನ್ನುವವರೆಗೆ ಅವರ ಬಾಯಿಂದ ಅಭಿಪ್ರಾಯ ಹೊರಡುವುದಿಲ್ಲ. ಕೆಟ್ಟದ್ದಿದ್ದರೆ ಕಾರಣ ಹೇಳುತ್ತಾರೆ: ಎಣ್ಣೆ ಹಳೆಯದು, ಅಕ್ಕಿ ಹೊಸದು. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುವುದಿಲ್ಲ. ಎಷ್ಟು ಸಲ ತಿಂದಿದ್ದೇನೆ ಎಂದಷ್ಟೇ ಹೇಳುತ್ತಾರೆ. ತೀರ್ಪಿಗೆ ಮೂರು ಸಾಕು. ಮೂರರ ಮೇಲಿನದೆಲ್ಲ ನಾಲಿಗೆ ಕೇಳಿ ತಿಂದದ್ದು. ಮಾನ್ವಿಯ ಒಂದು ಖಾನಾವಳಿಗೆ ಅವರು ಕೊಟ್ಟ ಅಂಕಿ ನಲವತ್ತೊಂದು. ಪಿಜ್ಜಾಕ್ಕೆ ಮೂರು.

ಈ ಅಂಕಿಗಳನ್ನು ಊರೂರಿಗೆ ಮುಟ್ಟಿಸುತ್ತಿದ್ದವರು ಕಂಡಕ್ಟರ್ ಖಲೀಲ್. ಜಂಬಣ್ಣ ದಿನವೂ ದೇವದುರ್ಗದಿಂದ ರಾಯಚೂರಿಗೆ ಹೋಗಿಬರುವುದು ಖಲೀಲರ ಬಸ್ಸಿನಲ್ಲೇ. ಎಲ್ಲಿ ಉಣ್ಣಬೇಕೆಂದು ಪ್ರಯಾಣಿಕರು ಕೇಳಿದರೆ ಖಲೀಲ್ ಟಿಕೆಟ್ ಹರಿಯುತ್ತಲೇ, "ಜಂಬಣ್ಣಾರು ನಲವತ್ತೊಂದು ಅಂದಾರ, ಅಲ್ಲಿ ಹೋಗ್ರಿ," ಎನ್ನುತ್ತಿದ್ದರು.

ಆ ಬಸ್ಸಿನಲ್ಲಿ ವಾದವೂ ನಡೆಯುತ್ತಿತ್ತು. ಒಮ್ಮೆ ಒಬ್ಬ ಹಿರಿಯರು, ಈಗಿನವರೆಲ್ಲ ಫಾಸ್ಟ್ ಫುಡ್ ತಿಂದು ಹಾಳಾದರು ಎಂದಾಗ ಜಂಬಣ್ಣ ಕಿಟಕಿಯಿಂದ ಮುಖ ತಿರುಗಿಸಿದ್ದರು.

"ಯಜಮಾನ್ರ, ಮುಂಜಾನಿ ಏನ್ ತಿಂದ್ರಿ?"

"ಮಂಡಕ್ಕಿ ಸುಸಲಾ, ಎರಡು ಮಿರ್ಚಿ."

"ಎಷ್ಟೊತ್ತಿಗೆ ಕೊಟ್ಟ?"

"ಕುಂತ ಕೂಡ್ಲೆ ಕೊಟ್ಟ."

"ಅದಕ್ಕಿಂತ ಫಾಸ್ಟ್ ಯಾವುದದ ರೀ? ಲಗೂ ಮಾಡಿದ್ದು ತಪ್ಪಲ್ಲ. ಕಾದ ಎಣ್ಣೀನ ನಾಕ ದಿನ ಕಾಸೂದು ತಪ್ಪು."

ಬಸ್ಸಿನವರು ನಕ್ಕಿದ್ದರು. ಹಿರಿಯರೂ ನಕ್ಕಿದ್ದರು.

ಮಗಳ ಅಂಗಡಿಯ ವಿಷಯದಲ್ಲಿ ನಗುವಂತಿರಲಿಲ್ಲ. ಮಳಿಗೆ ಜಂಬಣ್ಣನವರ ಹೆಂಡತಿ ಬೂದೆಮ್ಮನ ಅಣ್ಣ ಮಾಳಿಂಗಪ್ಪನವರದು. "ಯುಗಾದಿ ತನಕ ನೋಡವ್ವಾ. ನಡದ್ರ ನಿಂದ. ಇಲ್ಲಂದ್ರ ಮೊಬೈಲ್ ರಿಪೇರಿಯಾಂವ ಕೇಳಾಕತ್ತಾನ," ಎಂದು ಅವರು ತಂಗಿಯ ಮಗಳಿಗೆ ಮೊದಲೇ ಹೇಳಿದ್ದರು. ಯುಗಾದಿಗೆ ಆಗ ಒಂಬತ್ತು ವಾರ ಇತ್ತು. ವಿಜಯಶ್ರೀ ಹೈದರಾಬಾದಿನಲ್ಲಿ ಎರಡು ವರ್ಷ ಒಂದು ಅಡುಗೆಮನೆಯಲ್ಲಿ ದುಡಿದು ಈ ಕೆಲಸ ಕಲಿತು ಬಂದಿದ್ದಳು. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ ಎಂದಲ್ಲ, ಬೇಕಾಗಿರಲಿಲ್ಲ.

ಎರಡನೆಯ ತಟ್ಟೆಯನ್ನು ಜಂಬಣ್ಣ ಮೂರು ದಿನ ಬಿಟ್ಟು ತಿಂದರು. ಮೊದಲ ದಿನ ಮೆತ್ತಗಿದ್ದ ಮೈದಾದ ಹೊದಿಕೆ ಅವತ್ತು ಹಲ್ಲಿಗೆ ಜಗ್ಗಿತು. ಒಳಗಿನ ಸೋಯಾ ಕಾಳು ಅರೆಬೆಂದು ಗಟ್ಟಿಯಾಗಿತ್ತು. ಸೂಪು ನಾಲಿಗೆಯ ಹಿಂಬದಿಯಲ್ಲಿ ಒಗರಾಗಿ ನಿಂತಿತು. ಮರುದಿನವೇ ಮೂರನೆಯದನ್ನು ತಿಂದರು. ಅದು ಮತ್ತೆ ಮೊದಲಿನಂತೆ ಮೆತ್ತಗಿತ್ತು, ಸೂಪಿನಲ್ಲಿ ಒಗರಿರಲಿಲ್ಲ.

ಮೂರು ಮುಗಿದವು, ಕೂಡಲಿಲ್ಲ.

ಬಸ್ಸಿನಲ್ಲಿ ಖಲೀಲ್ ಕೇಳಿದರು. "ಜಂಬಣ್ಣಾರ, ಮಗಳ ಅಂಗಡಿ ಎಷ್ಟು? ಮಂದಿ ನನ್ನ ಜೀವಾ ತಿನ್ನಾಕತ್ತಾರ."

"ಹೇಳಾಕ ಬರಂಗಿಲ್ಲ ಖಲೀಲಣ್ಣ."

"ನಿಮ್ಮ ಮಗಳ ಅಂಗಡಿ ಬಗ್ಗೆ ನಿಮಗ ಹೇಳಾಕ ಬರಂಗಿಲ್ಲಂದ್ರ ಮಂದಿ ಏನ್ ತಿಳೀತಾರ? ಒಂದು ಅಂಕಿ ಹೇಳಿಬಿಡ್ರಿ. ಇಪ್ಪತ್ತು ಅನ್ರಿ."

"ತಿಂದಿದ್ದು ಮೂರು."

ಮೂರು ಎಂದರೆ ಪಿಜ್ಜಾದ ಅಂಕಿ. ಖಲೀಲ್ ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಮುಂದಿನ ಸೀಟಿನಲ್ಲಿ ಕುಳಿತವರು ಕೇಳಿಸಿಕೊಂಡಿದ್ದರು. ಆ ವಾರ ಅಂಗಡಿಗೆ ಬಂದವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ವಿಜಯಶ್ರೀ ತಂದೆಯ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುವಾಗ ರೊಟ್ಟಿಯನ್ನು ತಟ್ಟೆಗೆ ಇಡದೆ ತಟ್ಟೆಯ ಪಕ್ಕಕ್ಕೆ ಇಡುತ್ತಿದ್ದಳು.

ಜಂಬಣ್ಣನವರಿಗೆ ಇಪ್ಪತ್ತು ಎನ್ನುವುದು ಕಷ್ಟದ ಮಾತಾಗಿರಲಿಲ್ಲ; ಅದನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಆದರೂ ಅವರು ಅನ್ನಲಿಲ್ಲ. ಬದಲಿಗೆ ಅಂಗಡಿಗೆ ಹೋಗಿ, ಮಾತಾಡದ ಮಗಳ ಎದುರು ನಿಂತು ಮೈದಾ ನೋಡಿದರು, ಅದೇ ಚೀಲ. ಉಪ್ಪಿನ ಚಮಚ ನೋಡಿದರು, ಅದೇ ಚಮಚ. ಗಡಿಯಾರ ಹಿಡಿದು ನಿಂತರು. ಹಬೆ ಪ್ರತಿ ಸಲವೂ ಹನ್ನೊಂದು ನಿಮಿಷ. ಮಗಳ ಕೈಯಲ್ಲಿ ತಪ್ಪಿರಲಿಲ್ಲ.

ಒಂದು ಸಂಜೆ ಬೂದೆಮ್ಮ ಬೇಳೆ ಬೇಯಿಸಲು ಅಡುಗೆಮನೆಯ ಒಳಮೂಲೆಯ ಕೊಡದಿಂದ ನೀರು ಬಗ್ಗಿಸುತ್ತಿದ್ದರು. ಆ ಓಣಿಗೆ ನಳದ ಸಿಹಿನೀರು ನಾಲ್ಕು ದಿನಕ್ಕೊಮ್ಮೆ. ಉಳಿದ ದಿನ ಬೋರಿನ ಸವಳು ನೀರು. ಜಂಬಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಬ್ಯಾಳಿಗಿ ಯಾವ ನೀರು ಹಾಕ್ತಿ?"

"ಸಿಹಿ ನೀರು. ಸವಳ ನೀರಾಗ ಬ್ಯಾಳಿ ಬೇಯ್ತದೇನು? ಲಗ್ನ ಆಗಿ ಮೂವತ್ತು ವರ್ಷಕ್ಕ ಕೇಳಾಕತ್ತೀರಲ್ಲ."

"ಅಂಗಡಿಗಿ ಯಾವುದು ಕಳಸ್ತಿ?"

"ನಳ ಬಂದ ದಿನ ಮಿಕ್ಕಿದ್ದು ಕಳಸ್ತೀನಿ. ಇಲ್ಲಂದ್ರ ಬೋರಿಂದು. ಅದೇನ್ ಬ್ಯಾಳಿ ಏನು? ಹೊರಗಿನ ತಿನಿಸು."

ಬೇಳೆಗೆ ಸವಳು ನೀರು ಆಗದು ಎಂಬುದನ್ನು ಆ ಓಣಿಯಲ್ಲಿ ಏಳು ವರ್ಷದ ಹುಡುಗಿಯೂ ಹೇಳುತ್ತಾಳೆ. ಚಹಾಕ್ಕೆ ಆಗದು ಎಂಬುದೂ ಗೊತ್ತು. ಆದರೆ ಮೊಮೊ ಈ ನೀರಿನದಲ್ಲ, ಈ ಊರಿನದಲ್ಲ. ಅದಕ್ಕೆ ಈ ಊರಿನ ನಿಯಮ ಹತ್ತುತ್ತದೆಂದು ಬೂದೆಮ್ಮನಿಗೂ ಹೊಳೆದಿರಲಿಲ್ಲ, ಹೈದರಾಬಾದಿನ ನೀರಿನಲ್ಲಿ ಕಲಿತು ಬಂದ ವಿಜಯಶ್ರೀಗೂ ಹೊಳೆದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ನೀರಿನ ಗಡಸುತನ ಅಳೆಯುವ ದ್ರಾವಣ ತುಂಬಿಟ್ಟ ಜಂಬಣ್ಣನವರಿಗೂ ಹೊಳೆದಿರಲಿಲ್ಲ.

ಮರುದಿನ ಅವರು ಕಾಲೇಜಿಗೆ ಎರಡು ಬಾಟಲಿ ನೀರು ಒಯ್ದರು, ಒಂದು ನಳದ್ದು, ಒಂದು ಬೋರಿನದು. ಮಕ್ಕಳು ಹೋದ ಮೇಲೆ, ಪ್ರಯೋಗಾಲಯದ ಮೇಡಮ್ಮನವರ ಒಪ್ಪಿಗೆ ಕೇಳಿ, ತಾವೇ ಹನಿ ಬಿಟ್ಟರು. ದ್ರಾವಣ ದ್ರಾಕ್ಷಿಕೆಂಪಿನಿಂದ ನೀಲಿಗೆ ತಿರುಗಬೇಕು; ಹೆಚ್ಚು ಹನಿ ಹಿಡಿದಷ್ಟೂ ನೀರು ಗಡಸು. ನಳದ ನೀರು ಆರು ಮಿಲಿಲೀಟರಿಗೆ ತಿರುಗಿತು. ಬೋರಿನದು ಇಪ್ಪತ್ತೊಂಬತ್ತು ದಾಟಿದರೂ ಕೆಂಪಗೇ ಇತ್ತು, ಮೂವತ್ತೊಂದಕ್ಕೆ ತಿರುಗಿತು. ಎರಡನ್ನೂ ಮೂರು ಮೂರು ಸಲ ಮಾಡಿದರು. ಕೂಡಿದವು.

ಆ ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಹೇಳಿದರು. ವಿಜಯಶ್ರೀ ತಟ್ಟೆ ನೋಡುತ್ತಲೇ ಕೇಳಿದಳು, "ಹಂಗಾದ್ರ ನನ್ನ ಕೈಯಾಗ ತಪ್ಪಿಲ್ಲ?"

"ನಿನ್ನ ಕೈ ಗಡಿಯಾರದಂಗ ಅದ. ನೀರು ಎರಡದಾವ."

ಹತ್ತು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು. ಮುಂದಿನ ರೊಟ್ಟಿಯನ್ನು ತಟ್ಟೆಯಲ್ಲೇ ಇಟ್ಟಳು.

ಮನೆಯಲ್ಲಿ ಸಿಹಿನೀರು ತುಂಬುವುದು ಎಂಟು ಕೊಡ. ಬೂದೆಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. "ಆರು ಅಂಗಡಿಗಿ. ಎರಡು ಕುಡಿಯಾಕ. ಬ್ಯಾಳಿ ಬಂದ್. ಹಿಂಡಿ ಹಚಗೊಂಡು ತಿನ್ರಿ."

"ಯುಗಾದಿ ತನಕೇನು?"

"ಮಂದಿ ಬರೂ ತನಕ."

ಹೀಗೆ ಐದು ವಾರ ಆ ಮನೆಯಲ್ಲಿ ಬೇಳೆ ಬೇಯಲಿಲ್ಲ. ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಪುಂಡಿಪಲ್ಯ, ರೊಟ್ಟಿ. ಜಂಬಣ್ಣ ಒಂದು ದಿನವೂ ಬೇಳೆ ಕೇಳಲಿಲ್ಲ. ನೀರು ಬದಲಾದ್ದರಿಂದ ಹಳೆಯ ಮೂರನ್ನು ಲೆಕ್ಕದಿಂದ ತೆಗೆದು ಮತ್ತೆ ಒಂದರಿಂದ ಶುರು ಮಾಡಿದರು. ಹೊಸ ಮೂರು ತಟ್ಟೆಗಳೂ ಒಂದೇ ಹದದಲ್ಲಿದ್ದವು. ಆದರೂ ಬಸ್ಸಿನಲ್ಲಿ ಅವರು ತಾವಾಗಿ ಏನೂ ಹೇಳಲಿಲ್ಲ, ಖಲೀಲರೂ ಮೊದಲ ಸಲದ ಹೆದರಿಕೆಗೆ ಕೇಳಲಿಲ್ಲ.

ಯುಗಾದಿಗೆ ಹದಿಮೂರು ದಿನ ಇದ್ದಾಗ, ಬಸ್ಸು ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೆ, ಹಿಂದಿನ ಸೀಟಿನ ಹೆಣ್ಣುಮಗಳೊಬ್ಬರು ಕೇಳಿದರು. "ಕಂಡಕ್ಟರಣ್ಣ, ದೇವದುರ್ಗದಾಗ ಅದೇನೋ ಹಬಿ ಕಡುಬಿನ ಅಂಗಡಿ ಆಗೇದಂತಲ್ಲ, ಹುಡುಗ್ರು ಹಟಾ ಹಿಡದಾವ. ತಿನ್ನಂಗದೇನು?"

ಖಲೀಲ್ ಜಂಬಣ್ಣನವರ ಕಡೆ ನೋಡಿದರು. ಟಿಕೆಟ್ ಯಂತ್ರದ ಮೇಲಿನ ಬೆರಳು ಅಲ್ಲೇ ನಿಂತಿತ್ತು. ಮುಂದಿನ ಸೀಟಿನವರೂ ತಿರುಗಿದರು.

"ನೀರು ಬದಲಾದ ಮ್ಯಾಲ ಎಣಿಸೀನಿ," ಎಂದರು ಜಂಬಣ್ಣ. ಆಮೇಲೆ, ಪ್ರಯೋಗಾಲಯದಲ್ಲಿ ಮಕ್ಕಳಿಗೆ ಅಳತೆ ಓದಿ ಹೇಳುವ ದನಿಯಲ್ಲಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದರು:

"ಹದಿನೇಳು."