ಹುಣಸೆಹುಳಿ ಕಂಡ ಕೋವಿ

ಕೊರಗಪ್ಪನ ಕೈಗೆ ಸಿಕ್ಕ ಮರ ಮುಖ ಕಾಣುವಷ್ಟು ಹೊಳೆಯದೆ ಹೊರಗೆ ಹೋದದ್ದಿಲ್ಲ. ಅರಬ್ಬರ ನಾಡಿನ ರಾಸ್ ಅಲ್ ಖೋರ್‌ನ ಅವನ ಬಡಗಿ ಅಂಗಡಿಯಲ್ಲಿ ರಿಪೇರಿಯಾದ ಊಟದ ಮೇಜನ್ನೇ ಕನ್ನಡಿ ಮಾಡಿಕೊಂಡು ಗಿರಾಕಿಯೊಬ್ಬ ಮೀಸೆ ತಿದ್ದಿಕೊಂಡನಂತೆ. ಹೇಳಿದವನು ಕೊರಗಪ್ಪನೇ ಆದ್ದರಿಂದ ಅರ್ಧ ನಂಬಿದರೆ ಸಾಕು.

ಅಂಥವನ ಬಳಿಗೆ 2014ರಲ್ಲಿ ಅಬುಧಾಬಿಯ ಲೈಲಾ ಎಂಬ ಅರಬ್ಬಿ ಮುದುಕಿ ಬಂದಳು. ತಂದದ್ದು ಇನ್ನೂರು ವರ್ಷ ಹಳೆಯ ಅಮೆರಿಕದ ಕೋವಿಯೊಂದರ ಉದ್ದನೆಯ ಮರದ ಹಿಡಿ. ಬಾಯಿಯಿಂದ ಮದ್ದು ಸುರಿದು ಗಜದಿಂದ ಜಡಿಯುವ ಜಾತಿಯ ಕೋವಿ. ತೀರಿಹೋದ ಗಂಡ ಅಲ್ಲಿಗೆ ಓದಲು ಹೋದಾಗ ಕೊಂಡು ತಂದದ್ದು. ನಳಿಗೆ ಮತ್ತು ಪರವಾನಗಿ ಅವಳ ಮನೆಯಲ್ಲಿ ಭದ್ರವಾಗಿದ್ದವು. ಹಿಡಿಯ ಕುತ್ತಿಗೆ ಸೀಳಿತ್ತು. ಮಗ್ಗುಲಲ್ಲಿ ಗುಂಡಿಗೆ ಸುತ್ತುವ ಬಟ್ಟೆಚೂರು ಇಡುವ ಪುಟ್ಟ ಗೂಡು, ಅದಕ್ಕೆ ಕಂದು ಹಿಡಿದ ಹಿತ್ತಾಳೆಯ ಮುಚ್ಚಳ.

"ಸೀಳು ಮಾತ್ರ ಸರಿಮಾಡು. ಪಾಲಿಶ್ ಮಾಫಿ, ಬೇಡವೇ ಬೇಡ," ಎಂದಳು ಲೈಲಾ ತನ್ನ ಹರಕು ಹಿಂದಿಯಲ್ಲಿ. "ಮುಚ್ಚಳದ ಈ ಬಣ್ಣ ನನ್ನ ಗಂಡನ ಹೆಬ್ಬೆರಳಿನದು. ನಲವತ್ತು ವರ್ಷ ದಿನಾ ಸವರುತ್ತಿದ್ದ."

ಕೊರಗಪ್ಪ ದೇವರಾಣೆ ಹಾಕಿ ಒಪ್ಪಿದ. ಬಾಯಿ ಒಪ್ಪಿದರಾಯಿತೇ, ಕೈ ಒಪ್ಪಬೇಕಲ್ಲ! ಹುಟ್ಟುಗುಣ ಸುಟ್ಟರೂ ಹೋಗದೆಂದು ಹೆದರಿ, ಪಾಲಿಶ್ ಡಬ್ಬಿಗಳನ್ನೆಲ್ಲ ಪಕ್ಕದ ಸೋಫಾ ಅಂಗಡಿಯ, ಊರ ಕಡೆಯ ಕ್ರೈಸ್ತರಾದ ಕ್ಯಾಮಿಲಸ್ ಪೊರ್ಬುಗಳಿಗೆ ಒಪ್ಪಿಸಿದ.

"ನಾನು ಕಾಲು ಹಿಡಿದ್ರೂ ಕೊಡ್ಬೇಡಿ ಪೊರ್ಬುಗಳೇ!"

ಹಿಂದೆ ಯಾವನೋ ಜಾಣ ಸೀಳಿಗೆ ಜಡಿದಿದ್ದ ಕಬ್ಬಿಣದ ಸ್ಕ್ರೂವನ್ನು ಬೈಯುತ್ತಲೇ ಬಿಡಿಸಿದ. ಹಳೆಯ ಅಂಟನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತೆಗೆದು, ಹೊಸದನ್ನು ಸಂದಿಗಿಳಿಸಿ, ಹುರಿ ಸುತ್ತಿ ಬಿಗಿದು ಕಾದ. ಮೂರನೇ ವಾರ ಹುರಿ ಬಿಚ್ಚಿ ಅಗಸೆ ಎಣ್ಣೆಯ ಬಟ್ಟೆಯಿಂದ ಒಮ್ಮೆ ಒರಸಿದ್ದೇ ತಡ, ಮೇಪಲ್ ಮರದ ಪಟ್ಟೆಗಳು ನವರಾತ್ರಿಯ ಮಾರ್ನೆಮಿ ಹುಲಿವೇಷದ ಬೆನ್ನಿನಂತೆ ಎದ್ದು ಬಂದವು. ಹೊಳಪಿಲ್ಲದೆಯೂ ಮರ ಇಷ್ಟು ಚಂದ ಎಂಬುದು ಐವತ್ತೆರಡನೇ ವಯಸ್ಸಿನಲ್ಲಿ ಅವನಿಗೆ ತಿಳಿಯಿತು. ಚಹಾ ಆರಿಹೋಗುವ ತನಕ ನೋಡುತ್ತ ನಿಂತ.

ಅಷ್ಟರಲ್ಲಿ ಆಯುಧಪೂಜೆ ಬಂತು. ಇಷ್ಟು ವರ್ಷ ಉಳಿ ಗರಗಸಗಳಿಗೆ ಕುಂಕುಮ ಹಚ್ಚಿದವನಿಗೆ ಕೊನೆಗೂ ನಿಜವಾದ ಆಯುಧವೊಂದು ಸಿಕ್ಕಿತ್ತು. ಪೂರ್ತಿಯಲ್ಲದಿದ್ದರೂ ಹಿಡಿಯಾದರೂ ಆಯಿತು. ಅದನ್ನು ಬಾಳೆಲೆಯ ಮೇಲೆ ನಡುವಿಗಿಟ್ಟು ಹೂ ತರಲು ಹೋದ.

ಮರಳಿ ಬಂದಾಗ ಮುಚ್ಚಳ ಚಿನ್ನದ ಹಾಗೆ ಹೊಳೆಯುತ್ತಿತ್ತು. ಪೂಜೆಗೆಂದು ಅಲ್ ನಹ್ದಾದ ಮನೆಯಿಂದ ಬಂದ ಹೆಂಡತಿ ಚಂದ್ರಮತಿ, ದೀಪಗಳ ಜತೆ ಅದನ್ನೂ ಹುಣಸೆಹುಳಿ ಹಾಕಿ ತಿಕ್ಕಿಬಿಟ್ಟಿದ್ದಳು.

"ಎಂತ ಮಾಡಿದ್ದು ಮಾರಾಯ್ತಿ ನೀನು!"

"ಪೂಜೆಗೆ ಕಿಲುಬು ಹಿಡಿದದ್ದು ಇಡ್ಲಿಕ್ಕುಂಟಾ? ಮುಟ್ಬೇಡ ಅಂತ ನೀವು ಹೇಳಿದ್ದೀರಾ?"

ಹೇಳಿರಲಿಲ್ಲ. ಪಕ್ಕದಂಗಡಿಯವರಿಗೆ ಹೇಳಿದ್ದ, ಕಟ್ಟಿಕೊಂಡವಳಿಗೆ ಮರೆತಿದ್ದ. ಈಗ ಗಂಡನ ಬಾಯಿಂದ ಕತೆ ಕೇಳಿದ ಚಂದ್ರಮತಿ ಸೆರಗಿನಿಂದ ಕಣ್ಣೊರಸಿಕೊಂಡಳು.

ಹಿತ್ತಾಳೆಗೆ ಹಳೆಯ ಬಣ್ಣ ಬರಿಸುವ ಬಾಟಲಿ ಕಪಾಟಿನಲ್ಲೇ ಇತ್ತು. ಒಂದು ಗಂಟೆಯ ಕೆಲಸ, ಲೈಲಾಗೆ ಗೊತ್ತೇ ಆಗದು. ಕೊರಗಪ್ಪ ಬಾಟಲಿ ಎತ್ತಿಕೊಂಡ.

"ಬಣ್ಣ ಬರ್ಬಹುದು," ಎಂದಳು ಚಂದ್ರಮತಿ. "ಅದು ಅವಳ ಗಂಡನ ಬೆರಳಿನದ್ದಾಗ್ತದಾ?"

ಅವನು ಬಾಟಲಿಯನ್ನು ಕೆಳಗಿಟ್ಟ.

ಮರುದಿನ ಲೈಲಾ ಬಂದಾಗ ಚಂದ್ರಮತಿಯೇ ಮುಂದೆ ಹೋಗಿ ದೀಪ, ಹುಳಿ ಎಲ್ಲ ತೋರಿಸಿ ತಪ್ಪೊಪ್ಪಿಕೊಂಡಳು. ಮುದುಕಿಯ ಕಣ್ಣು ತುಂಬಿತು. ಕೊರಗಪ್ಪನಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಲೈಲಾ ಹಿಡಿಯ ಕುತ್ತಿಗೆ ಸವರಿದಳು. ಸೀಳು ಹುಡುಕಿದರೂ ಸಿಗಲಿಲ್ಲ. ಆಮೇಲೆ ಮುಚ್ಚಳದ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿದಳು.

"ನಲವತ್ತು ವರ್ಷ ನನಗೆ ಇದನ್ನು ಮುಟ್ಟಲು ಬಿಡಲಿಲ್ಲ ಆ ಮುದುಕ," ಎಂದಳು. "ಖಲಾಸ್. ಇನ್ನು ನನ್ನ ಸರದಿ."

ಬೆರಳು ತೆಗೆದಾಗ ಹಿತ್ತಾಳೆಯ ಮೇಲೆ ಮಬ್ಬಾದ ಗುರುತೊಂದು ಉಳಿದಿತ್ತು. ಕೊರಗಪ್ಪನ ಕೈ ತಾನಾಗಿ ಹೆಗಲ ಮೇಲಿನ ಬಟ್ಟೆ ಎಳೆದುಕೊಂಡು ಅದನ್ನು ಒರಸಲು ಹೋಯಿತು. ಚಂದ್ರಮತಿ ಆ ಕೈಗೆ ಫಟ್ಟನೆ ಒಂದು ಕೊಟ್ಟಳು.