ಮೂವತ್ತೆಂಟು ಬಗೆಯ ಶೇಂಗಾ ಚಟ್ನಿ

ಕಾಕಾರ ಬಲಗೈ ಬೆರಳುಗಳು ಸದಾ ಕೆಂಪಗಿರುತ್ತಿದ್ದವು. ಖಾರಪುಡಿಯ ಕೆಂಪು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವಂಥದ್ದು. ಹಾಗಾಗಿ ಬಿಲ್ಲಿಂಗ್ ಮಷೀನಿನ ಪರದೆಯನ್ನು ಅವರು ಎಡಗೈ ಕಿರುಬೆರಳಿನಿಂದ ಒತ್ತುತ್ತಿದ್ದರು, ಮಲಗಿದ ಕೂಸಿನ ಕೆನ್ನೆ ಮುಟ್ಟಿದ ಹಾಗೆ. ಮಷೀನು 'ಟುಂಯ್' ಅಂದರೆ, "ಎದ್ದಳ್ ನೋಡ್ರಿ" ಎನ್ನುತ್ತಿದ್ದರು.

ಪುಣೆಯ ಸದಾಶಿವ ಪೇಠೆಯ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಧಾರವಾಡ ಕಡೆಯ ಚಟ್ನಿಪುಡಿ, ಖಡಕ್ ರೊಟ್ಟಿ, ಸಂಡಿಗೆ, ಹಪ್ಪಳ. ನಾನು ಅಂಗಡಿಗಳಿಗೆ ಇಂಥ ಮಷೀನು ಕೂರಿಸಿ, ಕೆಟ್ಟರೆ ಓಡಿಬರುವ ಕಂಪನಿಯವನು. ಹೆಗಲಲ್ಲಿ ಬ್ಯಾಗು, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ರಾಕೆಟ್ ಹಾರಿಸುವವನ ಗಾಂಭೀರ್ಯ. ಮಾಡುವ ಕೆಲಸ ಬಹುಪಾಲು ಸ್ವಿಚ್ ಆರಿಸಿ ಮತ್ತೆ ಹಾಕುವುದು. ಉಳಿದ ಹೊತ್ತು ಗಿರಾಕಿಗಳ ಹಾಗೇ ದನಿ ತೆಗೆದು ಕಾಕಾರನ್ನು ನಗಿಸುತ್ತಿದ್ದೆ.

"ಇಂಜಿನಿಯರ್ ಸಾಹೇಬ್ರ, ನೀವು ನಾಟಕದಾಗ ಇರಬೇಕಾದವ್ರು. ದಾರಿ ತಪ್ಪಿ ನಮ್ಮ ಕಡೆ ಬಂದೀರಿ."

ಒಮ್ಮೆ ಹೊಸ ಸಾಫ್ಟ್‌ವೇರ್ ಹಾಕಲು ಹೋದೆ. ಕಾಕಾ ಊಟಕ್ಕೆ ಒಳಗಿದ್ದರು. ಸಾಮಾನಿನ ಪಟ್ಟಿ ತೆರೆದರೆ ನಗು ತಡೆಯಲಾಗಲಿಲ್ಲ. ಶೇಂಗಾ ಚಟ್ನಿಯೊಂದೇ ಮೂವತ್ತೆಂಟು ಸಲ! 'ಶೇಂಗಾ ಚಟ್ನಿ, ಬೆತ್ತದ ಮಾಸ್ತರು, ಹಲ್ಲಿಲ್ಲ.' 'ಶೇಂಗಾ ಚಟ್ನಿ, ಕೆಂಪು ಸ್ಕೂಟರಿನಾಕಿ, ಬಳ್ಳೊಳ್ಳಿ ಬ್ಯಾಡ.' ಒಂದು ಸಾಮಾನು ಪಟ್ಟಿಯಲ್ಲಿ ಒಂದೇ ಸಲ ಇರಬೇಕು ಎಂಬುದು ನಮ್ಮ ಕಂಪನಿ ಕಲಿಸಿದ ಮೊದಲ ಪಾಠ. ಮೂವತ್ತೆಂಟನ್ನೂ ಒಂದು ಮಾಡಿದೆ. ಬ್ಯಾಕಪ್ಪಿನಲ್ಲೂ ಹಳೆಯದನ್ನು ಅಳಿಸಿ ಹೊಸದನ್ನೇ ತುಂಬಿದೆ. ಕಾಲರ್ ಸರಿಮಾಡಿಕೊಂಡೆ.

ಕಾಕಾ ಬಂದು ಪರದೆ ನೋಡಿದರು. ಕಿರುಬೆರಳಿನಿಂದ ಪಟ್ಟಿಯನ್ನು ಕೆಳಗೂ ಮೇಲೂ ಸರಿಸಿದರು. ಬೈದಿದ್ದರೆ ಆ ಬೈಗುಳವನ್ನೂ ಅವರದೇ ದನಿಯಲ್ಲಿ ತಿರುಗಿಸಿ ಪಾರಾಗುತ್ತಿದ್ದೆ. ಬೈಯಲಿಲ್ಲ.

"ಹದಿನೈದು ದಿನಕ್ಕ ನನ್ನ ಎದಿ ಆಪರೇಷನ್ ಅದ ತಮ್ಮಾ," ಎಂದರು. "ಇನ್ನ ಮಗಳು ಗಲ್ಲಾದ ಮ್ಯಾಲ ಕೂಡಾಕಿ. ಆಕಿಗೆ ಒಬ್ಬರ ಗುರುತೂ ಇಲ್ಲ. ಆಕಿ ಸಲುವಾಗಿ ಆರು ತಿಂಗಳು ಕುಂತು ಒತ್ತಿದ್ದೆ ಅದನ್ನ."

ಹಳೆಯ ಗಿರಾಕಿಗಳಿಗೆಲ್ಲ ಅವರವರ ಹದದಲ್ಲೇ ಚಟ್ನಿ ಕುಟ್ಟಿಸಿ ಪೊಟ್ಟಣ ಕಟ್ಟಿಡುವುದು ಅವರ ಪದ್ಧತಿ ಎಂದು ನನಗೆ ತಿಳಿದದ್ದು ಆಗ.

"ಈಗ ಹೇಳ್ರಿ ಕಾಕಾ, ಮತ್ತ ಹಾಕತೀನಿ."

"ಹೇಳಂದ್ರ ಹ್ಯಾಂಗ ನೆನಪಾಗ್ತದೋ? ಅವರು ಬಂದು ಬಾಯಿ ತಗದ್ರ ಕೈ ತಾನ ಹೋಗ್ತದ. ತಿಂಗಳಿಗೊಮ್ಮೆ ಬರೋ ಮಂದಿ."

ಬಾಯಿ ತೆಗೆಯುವುದೊಂದೇ ನನಗೆ ಸರಿಯಾಗಿ ಬರುವ ವಿದ್ಯೆ.

ಪೇಠೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ಮಲಗುವುದು ಧರ್ಮ. ಮರುದಿನದಿಂದ ಆ ಹೊತ್ತಿಗೇ ಹೋಗತೊಡಗಿದೆ. ಶಟರು ಮೊಣಕಾಲೆತ್ತರಕ್ಕೆ ಇಳಿದಿರುತ್ತಿತ್ತು. ಕೆಳಗಿನಿಂದ ನುಸುಳಿದ ಬಿಸಿಲಿನಲ್ಲಿ ಖಾರದ ಧೂಳು ಮೆಲ್ಲಗೆ ಈಜುತ್ತಿತ್ತು. ಕಾಕಾ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗುತ್ತಿದ್ದರು. ನಾನು ಗಂಟಲು ಬಿಗಿದು, ನಿವೃತ್ತ ಜಡ್ಜರ ಗತ್ತಿನಲ್ಲಿ ಮರಾಠಿ ಆಡುತ್ತಿದ್ದೆ: "ಅಹೋ ಕಾಕಾ, ಮಾಝೀ ಪುಡೀ ದ್ಯಾ!" ನನ್ನ ಪೊಟ್ಟಣ ಕೊಡಿ.

ಅರೆನಿದ್ದೆಯಲ್ಲೇ ಅವರ ಕೈ ಗಾಳಿಯಲ್ಲಿ ಏಳುತ್ತಿತ್ತು. "ಜಡ್ಜ್ ಸಾಹೇಬ್ರು... ಉಪ್ಪು ಕಡಿಮಿ. ಬೆಲ್ಲ ಚೂರು ಜಾಸ್ತಿ. ಹೇಣ್ತಿ ಮುಂದ ಹೇಳಬ್ಯಾಡಂತಾರ."

ನಾನು ಒತ್ತುತ್ತಿದ್ದೆ. ತುಟಿ ಒಳಗೆಳೆದುಕೊಂಡು ಮಾಸ್ತರಾಗುತ್ತಿದ್ದೆ. ಕಾಕಾರಿಂದ ಉತ್ತರ ಬರುತ್ತಿತ್ತು, "ನುಣ್ಣಗ, ಎರಡು ಸಲ ಕುಟ್ಟಿದ್ದು." ಹೀಗೇ ಒಬ್ಬರ ಹಿಂದೆ ಒಬ್ಬರು. ಕೆಲವು ಮಧ್ಯಾಹ್ನ ಅಂಗಡಿ ತುಂಬ ಜನ ನಿಂತಂತಿರುತ್ತಿತ್ತು. ನನ್ನ ಬಾಯಿಂದ ಹೊರಟವರು ಆ ಬಿಸಿಲಿನ ಗೆರೆ ದಾಟಿ, ಚೀಲ ತೂಗಾಡಿಸುತ್ತ ಗಲ್ಲಿಗೆ ಇಳಿದುಹೋದಂತೆ. ನಾನು ಯಾರೆಂಬುದು ನನಗೇ ತುಸು ಮಸುಕಾಗುತ್ತಿತ್ತು. ದೊಡ್ಡ ನಷ್ಟವೇನಲ್ಲ ಬಿಡಿ.

ಒಂದು ದಿನ, ಪ್ರತಿ ಮಾತಿಗೂ ಮೊದಲು ನಗುತ್ತಿದ್ದ ಹೆಂಗಸೊಬ್ಬರ ದನಿ ತೆಗೆದೆ. ಕಾಕಾರ ಕೈ ಏಳಲಿಲ್ಲ.

"ಆಕಿ ತೀರಿ ವರ್ಷಾತಪಾ."

ನಾನು ಮಷೀನಿನಿಂದ ಕೈ ತೆಗೆದೆ.

"ನಿಲ್ಲಿಸಬ್ಯಾಡ, ಹಾಕು. ಕೊಬ್ಬರಿ ಹೆಚ್ಚು. ಮಗ ಬಂದು ಕೇಳ್ಯಾನು."

ಮೂವತ್ತಾರು ಸಿಕ್ಕವು. ಎರಡು ನನ್ನ ಗಂಟಲಿಗೆ ದಕ್ಕಲಿಲ್ಲ.

"ಇರಲಿ ಬಿಡು," ಎಂದರು ಕಾಕಾ. "ಎಲ್ಲಾ ನಾವ ಬರದಿಟ್ರ ಆಕಿ ಗಿರಾಕಿ ಜೋಡಿ ಮಾತಾಡೂದು ಯಾವಾಗ?"

ಆಪರೇಷನ್ನಿಗೆ ಹೋದ ಕಾಕಾ ಮರಳಲಿಲ್ಲ. ಈಗ ಯಾವ ಅಂಗಡಿಗೆ ಹೋದರೂ, ಪಟ್ಟಿ ಮುಟ್ಟುವ ಮೊದಲು ಒಂದು ತಾಸು ಸ್ಟೂಲಿನ ಮೇಲೆ ಸುಮ್ಮನೆ ಕೂತು ಬಂದುಹೋಗುವವರನ್ನು ನೋಡುತ್ತೇನೆ. ನನ್ನ ಮೇಲಿನವರು ಇದಕ್ಕೆ ಸೋಮಾರಿತನ ಎನ್ನುತ್ತಾರೆ. ಅದೂ ಸುಳ್ಳೇನಲ್ಲ.

ಕಾಕಾ ತೀರಿದ ಹದಿನಾಲ್ಕನೆಯ ದಿನ ಅಂಗಡಿ ತೆರೆಯಿತು. ಕೇಬಲ್ ನೋಡುವ ನೆಪ ಮಾಡಿ ಹೋದೆ. ಗಲ್ಲಾದ ಮೇಲೆ ಮಗಳು. ನಶ್ಯದ ಡಬ್ಬಿ ಹಿಡಿದ ಅಜ್ಜರೊಬ್ಬರು ಬಂದು, ಪೇಪರಿನಿಂದ ಕಣ್ಣೆತ್ತದೆ, "ನಂದು ಕೊಡ್ರಿ" ಎಂದರು. ಅವಳು ಡಬ್ಬಿ ನೋಡಿದಳು, ಮಷೀನಿನಲ್ಲಿ ಪಟ್ಟಿ ಸರಿಸಿದಳು, ಎದ್ದು ಮೇಲಿನ ಸಾಲಿನ ಪೊಟ್ಟಣವೊಂದನ್ನು ತೆಗೆದುಕೊಟ್ಟಳು. ಅಜ್ಜ ಮೂಸಿ ನೋಡಿದರು. ಚೀಲಕ್ಕೆ ಹಾಕಿಕೊಂಡರು. ಮೆಟ್ಟಿಲು ಇಳಿಯುತ್ತ, "ಬರ್ತೀನ್ರಿ ಕಾಕಾ" ಎಂದರು.

ನಾನು ಕೇಬಲ್ಲಿನ ಮೇಲೆ ಇನ್ನಷ್ಟು ಬಗ್ಗಿದೆ.

"ಹೂಂ, ಬರ್ರಿ," ಎಂದಳು ಮಗಳು.