ಗಂಡನ ಹೆಸರಲ್ಲಿ ಕುಡಿದವಳು

ದರ್ಜಿ ಅಂಗಡಿಯಲ್ಲಿ ಅವಳಿಗೆ ಕಾಜಾ ಅಕ್ಕ ಅಂತಲೇ ಹೆಸರು. ಹದಿನೆಂಟು ವರ್ಷದಿಂದ ಶರಟುಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸ. ಅಂಥ ಕೈ ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲಾರದೆ ಗಡಗಡ ನಡುಗಿತು. "ಕನ್ನಡಕ ಬದಲಾಯಿಸಕ್ಕಾ" ಅಂದ ದರ್ಜಿ. ಪುಣ್ಯಾತ್ಮ! ಅವಳ ಪಕ್ಕದ ಬಟ್ಟೆಚೂರಿನ ಚೀಲದಲ್ಲಿ ಬಾಟಲಿ ಇದೆ ಅಂತ ಅವನಿಗೇನು ಗೊತ್ತು? ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ನಾಲ್ಕು ವರ್ಷದಿಂದ ಕುಡಿಯುತ್ತಿದ್ದಳು. ಶುರುವಾದದ್ದು ಯಾಕೆ ಅಂತ ಕೇಳಬೇಡಿ. ಹುಟ್ಟುವ ಮೊದಲೇ ಎರಡು ಮಕ್ಕಳನ್ನು ಕಳೆದುಕೊಂಡವಳ ಹತ್ತಿರ ಕಾರಣ ಕೇಳುವುದು ನ್ಯಾಯವೂ ಅಲ್ಲ.

ಕುಡಿತ ಬಿಡಬೇಕು ಅನ್ನುವವರೆಲ್ಲ ವಾರಕ್ಕೊಮ್ಮೆ ಒಟ್ಟಿಗೆ ಕೂತು ಮಾತಾಡುತ್ತಾರೆ ಅಂತ ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದಳು. ಧೈರ್ಯ ಮಾಡಿ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಒಳ್ಳೆಯವನೇ, ಆದರೆ ಆತುರಗಾರ. ಇವಳು ಬಾಯಿ ತೆರೆಯುವ ಮೊದಲೇ "ನಿಮ್ಮ ಯಜಮಾನ್ರಿಗೇನಮ್ಮಾ?" ಅಂದುಬಿಟ್ಟ.

"ಹೂಂ" ಅಂದಳು. ನೋಡಿ, ಒಂದೇ ಒಂದು ಹೂಂ!

"ಗುರುವಾರ ಸಂಜೆ ಐದಕ್ಕೆ ಬನ್ನಿ. ಕುಡಿಯೋರದು ಕೆಳಗಿನ ರೂಮು, ಮನೆಯವರದು ಮಹಡಿ ಮೇಲೆ."

ಮಹಡಿ ಹತ್ತಿದಳು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ದುಂಡಗೆ ಕೂತ ಹನ್ನೊಂದು ಜನ ಹೆಂಡತಿಯರು. ತನ್ನ ಸರದಿ ಬಂದಾಗ ನಿಜ ಹೇಳಿಬಿಡೋಣ ಅಂತಲೇ ಇದ್ದಳು. ಅಷ್ಟು ಕಣ್ಣುಗಳ ಮುಂದೆ ನಾಲಿಗೆ ಹೊರಳಲಿಲ್ಲ. "ನಮ್ಮನೆಯವ್ರು ಬಟ್ಟೆ ಚೀಲದಲ್ಲಿ ಬಾಟಲಿ ಬಚ್ಚಿಡ್ತಾರೆ" ಅಂದಳು. ಅಳು ಮಾತ್ರ ಅವಳದೇ. ಅಲ್ಲಿಂದ ವಾರ ವಾರ ತನ್ನದನ್ನೆಲ್ಲ ಗಂಡನ ತಲೆಗೆ ಕಟ್ಟಿದಳು. ಲವಂಗ ಜಗಿಯುತ್ತಾರೆ ಅಂದಳು, ಬಚ್ಚಲಲ್ಲಿ ಬಿದ್ದರು ಅಂದಳು, ಆಣೆ ಇಟ್ಟು ಮುರಿದರು ಅಂದಳು. ಹೆಂಗಸರು ಕೈ ಹಿಡಿದುಕೊಂಡು ಕೇಳಿದರು. ಸೋಜಿಗ ಅಂದರೆ, ಹೇಳುತ್ತಾ ಹೇಳುತ್ತಾ ಅವಳ ಕುಡಿತ ನಿಂತೇಹೋಯಿತು. "ನಮ್ಮನೆಯವ್ರು ಬಿಟ್ಟು ನಲವತ್ತು ದಿನ ಆಯ್ತು" ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಗಂಡನೋ! ಸ್ಕೂಲ್ ವ್ಯಾನಿನ ಡ್ರೈವರು, ಮಕ್ಕಳ ಬಾಯಲ್ಲಿ ವ್ಯಾನ್ ಮಾವ. ತೇಗು ಬರುತ್ತೆ ಅಂತ ಸೋಡಾನೂ ಕುಡಿಯದ ಪ್ರಾಣಿ. ಹೆಂಡತಿ ಆ ಮಹಡಿಯಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಾಳೆ ಅಂತ ನಂಬಿದ್ದ. ಒಂದು ಗುರುವಾರ ಮಳೆ ಬಂತು. ಪಾಪ, ನೆನೆಯದೆ ಬರಲಿ ಅಂತ ವ್ಯಾನ್ ತಂದು ಗೇಟಿನ ಹತ್ತಿರ ನಿಲ್ಲಿಸಿದ. ಅವಳ ಜೊತೆ ಮಹಡಿ ಇಳಿದು ಬರುತ್ತಿದ್ದ, ಗುಂಪಿಗೆ ಹೊಸದಾಗಿ ಸೇರಿದ್ದ ಹೆಂಗಸು ಗಕ್ಕನೆ ನಿಂತಳು.

"ಇವ್ರೇನಾ ನಿಮ್ಮ ಯಜಮಾನ್ರು?"

ಆ ಹೆಂಗಸಿನ ಮಗಳು ದಿನಾ ಸ್ಕೂಲಿಗೆ ಹೋಗಿಬರುವುದು ಅದೇ ವ್ಯಾನಿನಲ್ಲಿ.

ಆ ತಾಯಿಯನ್ನು ಬಯ್ಯಬೇಡಿ. ಯಾವ ತಾಯಿ ಸುಮ್ಮನಿದ್ದಾಳು? ಸೋಮವಾರ ಸ್ಕೂಲಿನವರು ವ್ಯಾನಿನ ಕೀ ಕಸಿದುಕೊಂಡರು. "ಬೇಕಾದ್ರೆ ಊದಿಸಿ ನೋಡಿ ಸಾರ್" ಅಂತ ಇವನು ಅಂಗಲಾಚಿದ. "ಇವತ್ತು ಕುಡಿದಿರಲಿಕ್ಕಿಲ್ಲ, ನಾಳೆ?" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು ಅವನ ಬಾಳು.

"ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ?" ಅಂತ ಗೋಡೆ ನೋಡುತ್ತಾ ಕೂತ. ಎರಡು ದಿನ ಅವಳು ಬಾಯಿ ಬಿಗಿಹಿಡಿದಳು. ಮೂರನೇ ದಿನ ಬೆಳಿಗ್ಗೆ ಅವನ ಕಾಲ ಬಳಿ ಕುಸಿದು ಎಲ್ಲ ಹೇಳಿದಳು. ಅವನು ಅವಳ ರಟ್ಟೆ ಹಿಡಿದು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡ.

"ನೀನು ಕುಡಿಯೋದು ನಂಗೆ ಗೊತ್ತಿತ್ತು ಕಣೇ. ಕೇಳಿದ್ರೆ ಎಲ್ಲಿ ಬಿಟ್ಟು ಹೋಗ್ತೀಯೋ ಅಂತ ಸುಮ್ನಿದ್ದೆ. ಕುಡಿಯೋದು ಬಿಟ್ಟಿದ್ದೂ ಗೊತ್ತಾಯ್ತು. ಹೊಲಿಗೆ ಕ್ಲಾಸಿನವ್ರಿಗೆ ಪುಣ್ಯ ಬರ್ಲಿ ಅಂದ್ಕೊಂಡೆ." ಆಮೇಲೆ ಮೆಲ್ಲಗೆ ಹೇಳಿದ. "ಇದು ನನ್ನ ಮೇಲೇ ಇರ್ಲಿ ಬಿಡು. ಗಂಡಸು ಕುಡಿದ ಅಂದ್ರೆ ನಾಲ್ಕು ದಿನ ಆಡ್ಕೋತಾರೆ. ಹೆಂಗಸು ಅಂದ್ರೆ ಸಾಯೋವರ್ಗೂ ಬಿಡಲ್ಲ."

ನಾಲ್ಕು ಬಾರಿಸಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಆ ಗುರುವಾರ ಮಹಡಿ ಹತ್ತಿ, ನಿಂತುಕೊಂಡೇ ನಿಜ ಹೇಳಿದಳು. ಸ್ಕೂಲಿಗೆ ದೂರು ಕೊಟ್ಟಿದ್ದ ಆ ತಾಯಿ ಬಿಕ್ಕಿ ಬಿಕ್ಕಿ ಅತ್ತು, ಮರುದಿನ ತಾನೇ ಇವಳನ್ನು ಸ್ಕೂಲಿಗೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ಹೊಸ ಡ್ರೈವರು ಬಂದಾಗಿತ್ತು. "ಮೊದ್ಲು ಗಂಡ ಕುಡುಕ ಅಂದ್ರಿ, ಈಗ ಹೆಂಡತಿ ಅಂತೀರಿ. ಆ ಮನೆ ಸಹವಾಸಾನೇ ಬೇಡಮ್ಮ" ಅಂದರು ಆಫೀಸಿನವರು.

ಈಗ ಅವನು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ರಸ್ತೆಯಲ್ಲಿ ಮಕ್ಕಳು ವ್ಯಾನಿನ ಕಿಟಕಿಯಿಂದ ಕೈಬೀಸಿ ಕೂಗಿದರೂ ತಿರುಗಿ ನೋಡುವುದಿಲ್ಲ. ಅವರ ಅಪ್ಪ ಅಮ್ಮ ಏನಂದುಕೊಳ್ಳುತ್ತಾರೋ ಅಂತ ಸಂಕೋಚ.

ಅವಳು ಕೆಳಗಿನ ರೂಮಿಗೆ ಹೋಗುತ್ತಾಳೆ, ಒಂಬತ್ತು ಗಂಡಸರ ನಡುವೆ ಒಬ್ಬಳೇ. ಅಲ್ಲಿ ಎದ್ದು ನಿಂತವರೆಲ್ಲ ಮೊದಲು ತಮ್ಮ ಕುಡಿತದ ಮಾತು ಹೇಳಿಕೊಳ್ಳುತ್ತಾರೆ. ಅವಳೊಬ್ಬಳು ಹಾಗಲ್ಲ. ಪ್ರತಿ ವಾರ, ಸೆರಗು ಸರಿಮಾಡಿಕೊಂಡು, ಕೇಳದಿದ್ದರೂ, ಎಲ್ಲರಿಗೂ ಬಾಯಿಪಾಠ ಆಗಿದ್ದರೂ, ಹೀಗೇ ಶುರುಮಾಡುತ್ತಾಳೆ:

"ನನ್ನ ಗಂಡ ಜನ್ಮದಲ್ಲಿ ಒಂದು ತೊಟ್ಟೂ ಮುಟ್ಟಿದವರಲ್ಲ."